ಪಾಡ್ ಹೋಯಿತು, ಡೇಟಾ ಎಲ್ಲಿ ಹೋಯಿತು?

ಬೆಳಿಗ್ಗೆ ಎಂಟೂವರೆಗೆ ಮೊದಲ ಫೋನ್ ಬಂತು. ದಾವಣಗೆರೆಯ ಔಷಧಿ ಅಂಗಡಿಯವರು. ‘ಲಾಗಿನ್ನೇ ಆಗ್ತಿಲ್ಲ ರೀ, ಬಿಲ್ ಹಾಕೋದು ಹೆಂಗೆ?’ ಹತ್ತು ನಿಮಿಷದೊಳಗೆ ಅಂಥವೇ ಇನ್ನೂ ಏಳು ಕರೆ. ಔಷಧಿ ಅಂಗಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಮಾಡಿಕೊಡುವ ಬೆಂಗಳೂರಿನ ಆ ಕಂಪನಿಯಲ್ಲಿ ಇರುವವರೇ ಹದಿನಾಲ್ಕು ಜನ. ರಾತ್ರಿ ಒಂದು ಗಂಟೆಗೆ ಕುಬರ್ನೆಟಿಸ್ ಕ್ಲಸ್ಟರಿನ ಯಂತ್ರಗಳನ್ನು, ಅಂದರೆ ನೋಡ್‌ಗಳನ್ನು ಹೊಸ ಆವೃತ್ತಿಗೆ ಏರಿಸಿದ್ದರು. ಆ ಕೆಲಸ ಸುಸೂತ್ರವಾಗಿ ಮುಗಿದಿತ್ತು. ಡ್ಯಾಶ್‌ಬೋರ್ಡಿನಲ್ಲಿ ಎಲ್ಲವೂ ಹಸಿರು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಪಾಡ್ ‘ರನ್ನಿಂಗ್’, ಅದರ ಡಿಸ್ಕ್ ‘ಬೌಂಡ್’. ಕೆಲಸಕ್ಕೆ ಸೇರಿ ವರ್ಷವಾಗದ ಹುಡುಗ ಡೇಟಾಬೇಸಿನೊಳಗೆ ಇಳಿದು ಟೇಬಲ್‌ಗಳ ಪಟ್ಟಿ ಕೇಳಿದ.

‘ಮೇಡಂ, ಒಂದು ಟೇಬಲ್ಲೂ ಇಲ್ಲ.’

‘ಬೇರೆ ಡೇಟಾಬೇಸಿಗೆ ಹೋಗಿರ್ತೀಯ, ಸರಿಯಾಗಿ ನೋಡು.’

‘ಅದೇ ಮೇಡಂ. ಡಿಸ್ಕೂ ಅದೇ. ಐವತ್ತು ಜಿಬಿ ಡಿಸ್ಕು, ಒಳಗೆ ಎರಡು ಖಾಲಿ ಫೋಲ್ಡರ್ ಅಷ್ಟೇ.’

ಆ ಮೇಡಂ ಈ ಅಂಕಣಕಾರನ ಹಳೆಯ ಸಹೋದ್ಯೋಗಿ. ಒಂಬತ್ತು ಗಂಟೆಗೆ ಇವನಿಗೂ ಫೋನ್ ಬಂತು. ಆ ಎರಡು ಖಾಲಿ ಫೋಲ್ಡರುಗಳ ಹೆಸರು ಕೇಳಿದಾಗಲೇ ಅರ್ಧ ಉತ್ತರ ಸಿಕ್ಕಿತ್ತು. ಒಂದರ ಹೆಸರು ‘ಡೇಟಾ’, ಇನ್ನೊಂದರ ಹೆಸರು ‘ಲಾಸ್ಟ್ ಪ್ಲಸ್ ಫೌಂಡ್’.

ಈ ಅಂಕಣಕ್ಕೆ ಬರುವ ಮಿಂಚಂಚೆಗಳಲ್ಲಿ ಮೂರು ವರ್ಷದಿಂದ ಬೇರೆ ಬೇರೆ ವೇಷದಲ್ಲಿ ಬರುತ್ತಿರುವ ಪ್ರಶ್ನೆ ಒಂದೇ: ಕುಬರ್ನೆಟಿಸ್ ಮೇಲೆ ಡೇಟಾಬೇಸ್ ಓಡಿಸಬಹುದೇ? ಕೆಲವರು ‘ಓಡಿಸಲೇಬಾರದಂತೆ ಹೌದಾ’ ಎನ್ನುತ್ತಾರೆ. ಕೆಲವರು ‘ಓಡಿಸಿದ್ದೇವೆ, ಏನೂ ಆಗಿಲ್ಲ’ ಎಂದು ಬರೆದು, ಕೊನೆಗೆ ‘ಆದರೂ ಒಂದು ಭಯ’ ಎಂದು ಸೇರಿಸುತ್ತಾರೆ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಪ್ರಶ್ನೆ ಇದಲ್ಲ. ಕುಬರ್ನೆಟಿಸ್ ಯಾವುದರ ಹೊಣೆ ಹೊತ್ತಿದೆ, ಯಾವುದರ ಹೊಣೆ ಹೊತ್ತೇ ಇಲ್ಲ ಎಂಬುದು ಗೊತ್ತಾದರೆ ಉತ್ತರ ತಾನಾಗಿ ಹೊರಬರುತ್ತದೆ.

ಕಂಟೇನರ್ ಹುಟ್ಟಿನಿಂದಲೇ ಮರೆಗುಳಿ. ಡಾಕರ್ 2013ರ ಮಾರ್ಚಿನಲ್ಲಿ ಜಗತ್ತಿಗೆ ಕಾಣಿಸಿಕೊಂಡಾಗ ಅದರ ಸೊಗಸೇ ಅದಾಗಿತ್ತು. ಇಮೇಜ್ ಎಂಬ ಪದರಗಳ ಕಟ್ಟು ಒಂದು ಇರುತ್ತದೆ, ಅದನ್ನು ಓದಬಹುದೇ ಹೊರತು ತಿದ್ದಲಾಗದು. ಕಂಟೇನರ್ ಶುರುವಾದಾಗ ಆ ಕಟ್ಟಿನ ಮೇಲೆ ಬರೆಯಲು ಒಂದು ತೆಳುವಾದ ಪದರ ಸಿಗುತ್ತದೆ. ಕಂಟೇನರನ್ನು ಅಳಿಸಿದರೆ ಆ ಪದರವೂ ಹೋಗುತ್ತದೆ. ಶಾಲೆಯ ಕರಿಹಲಗೆ ಇದ್ದಂತೆ. ಮರುದಿನದ ಪಾಠಕ್ಕೆ ಹಲಗೆ ಮತ್ತೆ ಕಪ್ಪು. ವೆಬ್ ಪುಟ ಬಡಿಸುವ, ಲೆಕ್ಕ ಹಾಕಿ ಉತ್ತರ ಹೇಳಿ ಸುಮ್ಮನಾಗುವ ಪ್ರೋಗ್ರಾಮುಗಳಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಒಂದು ಕೆಟ್ಟರೆ ಎಸೆದು ಇನ್ನೊಂದನ್ನು ನಿಲ್ಲಿಸಿದರಾಯಿತು.

ಗೂಗಲ್ 2014ರ ಜೂನ್‌ನಲ್ಲಿ ಕಂಟೇನರುಗಳನ್ನು ಪಾಡ್ ಎಂಬ ಗುಂಪುಗಳಲ್ಲಿ ಹಲವು ಯಂತ್ರಗಳ ಮೇಲೆ ಓಡಿಸುವ ಕುಬರ್ನೆಟಿಸ್ ಪ್ರಕಟಿಸಿತು, 2015ರ ಜುಲೈನಲ್ಲಿ ಅದರ 1.0 ಆವೃತ್ತಿ ಬಂತು. ಗೂಗಲ್ ಒಳಗೆ ವರ್ಷಗಳಿಂದ ದುಡಿಯುತ್ತಿದ್ದ ಬೋರ್ಗ್ ಎಂಬ ವ್ಯವಸ್ಥೆಯ ಅನುಭವ ಅದರ ಬೆನ್ನಿಗಿತ್ತು. ಕುಬರ್ನೆಟಿಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಹಡಗಿನ ಚುಕ್ಕಾಣಿ ಹಿಡಿಯುವವ. ಹೆಸರಿಟ್ಟವರು ಬಹಳ ಯೋಚಿಸಿ ಇಟ್ಟಿರಬೇಕು, ಏಕೆಂದರೆ ಚುಕ್ಕಾಣಿಗನಿಗೆ ಹಡಗು ದಡ ಸೇರುವುದು ಮುಖ್ಯ. ಹೊಟ್ಟೆಯೊಳಗಿನ ಒಂದೊಂದು ಮೂಟೆಯಲ್ಲಿ ಏನಿದೆ ಎಂಬುದು ಅವನ ತಲೆನೋವಲ್ಲ.

ಆ ದಿನಗಳಲ್ಲಿ ಸರ್ವರ್ ಲೋಕದಲ್ಲಿ ಒಂದು ಹೋಲಿಕೆ ಜೋರಾಗಿ ಓಡಾಡುತ್ತಿತ್ತು. ಹಳೆಯ ಕಾಲದ ಸರ್ವರ್ ಮನೆಯ ಮುದ್ದಿನ ನಾಯಿ: ಹೆಸರಿಟ್ಟು, ಕಾಯಿಲೆಯಾದರೆ ಉಪಚರಿಸಿ ಸಾಕಬೇಕು. ಹೊಸ ಕಾಲದ ಸರ್ವರ್ ಮಂದೆಯ ದನ: ಅದಕ್ಕೆ ನಂಬರ್ ಮಾತ್ರ, ಒಂದು ಹೋದರೆ ಇನ್ನೊಂದು. ದನಕ್ಕೂ ಗೌರಿ, ಗಂಗೆ ಎಂದು ಹೆಸರಿಟ್ಟು ಹಬ್ಬದ ದಿನ ಕೊಂಬಿಗೆ ಬಣ್ಣ ಬಳಿಯುವ ಊರಿನವರಿಗೆ ಈ ಹೋಲಿಕೆ ಅಷ್ಟಾಗಿ ರುಚಿಸದು. ಅದೇನೇ ಇರಲಿ, ಡೇಟಾಬೇಸ್ ಮಾತ್ರ ನಂಬರ್ ಹಾಕಿ ಮಂದೆಗೆ ಅಟ್ಟುವಂಥ ಪ್ರಾಣಿಯಲ್ಲ ಎಂಬುದು ಬೇಗ ಅರಿವಾಯಿತು. ಹೆಸರುಳ್ಳ, ವಿಳಾಸವುಳ್ಳ, ತನ್ನದೇ ಟ್ರಂಕು ಇಟ್ಟುಕೊಂಡ ಪಾಡ್‌ಗಳಿಗಾಗಿ 2016ರ ಮಧ್ಯದಲ್ಲಿ 1.3 ಆವೃತ್ತಿಯೊಳಗೆ ಒಂದು ಹೊಸ ಏರ್ಪಾಡು ಬಂತು. ಅದರ ಮೊದಲ ಹೆಸರು ‘ಪೆಟ್‌ಸೆಟ್’. ಅದೇ ವರ್ಷದ ಡಿಸೆಂಬರಿನಲ್ಲಿ ಹೆಸರು ಬದಲಾಗಿ ‘ಸ್ಟೇಟ್‌ಫುಲ್‌ಸೆಟ್’ ಆಯಿತು. 2017ರ ಡಿಸೆಂಬರಿನಲ್ಲಿ, 1.9 ಆವೃತ್ತಿಯಲ್ಲಿ, ಅದನ್ನು ಸ್ಥಿರ ಎಂದು ಘೋಷಿಸಿದರು.

ಈಗ ಡಿಸ್ಕಿನ ಮಾತು. ಇಲ್ಲಿ ಮೂರು ಹೆಸರು ಒಟ್ಟೊಟ್ಟಿಗೆ ಬರುತ್ತವೆ: ಪರ್ಸಿಸ್ಟೆಂಟ್ ವಾಲ್ಯೂಮ್, ಪರ್ಸಿಸ್ಟೆಂಟ್ ವಾಲ್ಯೂಮ್ ಕ್ಲೇಮ್, ಸ್ಟೋರೇಜ್ ಕ್ಲಾಸ್. ಕಲಿಯುವವರು ತಲೆ ಕೆರೆದುಕೊಳ್ಳುವುದು ಇಲ್ಲೇ. ಬೆಂಗಳೂರಿನ ಯಾವುದಾದರೂ ದರ್ಶಿನಿಯಲ್ಲಿ ನಿಂತು ತಿಂಡಿ ತಿಂದವರಿಗೆ ಇದು ಕಷ್ಟವಾಗಬೇಕಿಲ್ಲ. ಗೋಡೆಯ ಮೇಲಿನ ಬೋರ್ಡಿನಲ್ಲಿ ಏನೇನು ಸಿಗುತ್ತದೆ ಎಂದು ಬರೆದಿರುತ್ತದೆ. ಅದು ಸ್ಟೋರೇಜ್ ಕ್ಲಾಸ್. ಗಲ್ಲಾಪೆಟ್ಟಿಗೆಯಲ್ಲಿ ದುಡ್ಡು ಕೊಟ್ಟು ‘ಒಂದು ಮಸಾಲೆ’ ಎಂದು ತೆಗೆದುಕೊಳ್ಳುವ ಟೋಕನ್ನು ಕ್ಲೇಮ್. ಒಳಗಿನಿಂದ ಬಂದು ಕಟ್ಟೆಯ ಮೇಲೆ ಕೂರುವ ತಟ್ಟೆ ವಾಲ್ಯೂಮ್, ಅಂದರೆ ನಿಜವಾದ ಡಿಸ್ಕು. ಟೋಕನ್ನಿನ ಮೇಲೆ ಯಾವ ಕಾವಲಿ, ಯಾವ ಭಟ್ಟರು ಎಂದು ಬರೆದಿರುವುದಿಲ್ಲ. ಪಾಡ್ ಕೂಡ ಹಾಗೆಯೇ, ಇಷ್ಟು ಜಿಬಿ, ಇಂಥ ಬಗೆಯದು ಎಂದಷ್ಟೇ ಕೇಳುತ್ತದೆ. ಅಡುಗೆಮನೆ ಅಮೆಜಾನಿನದೋ ಗೂಗಲಿನದೋ ಕಂಪನಿಯ ಸ್ವಂತ ಕಪಾಟಿನದೋ ಎಂಬುದು ಅದಕ್ಕೆ ಗೊತ್ತಿರಬೇಕಿಲ್ಲ. ಟೋಕನ್ನಿಗೆ ತಟ್ಟೆ ಸಿಕ್ಕಾಗ ‘ಬೌಂಡ್’, ಸಿಗದೆ ಕಾಯುತ್ತಿದ್ದರೆ ‘ಪೆಂಡಿಂಗ್’.

ಮೊದಮೊದಲು ಅಡ್ಮಿನ್ ಆದವರು ತಟ್ಟೆಗಳನ್ನು ಮೊದಲೇ ತುಂಬಿ ಸಾಲಾಗಿ ಇಟ್ಟಿರಬೇಕಿತ್ತು. ಐದು ಜಿಬಿ ಕೇಳಿದವನಿಗೆ ಹತ್ತು ಜಿಬಿಯ ತಟ್ಟೆ ಹೋಗಿ ಉಳಿದದ್ದು ವ್ಯರ್ಥವಾಗುತ್ತಿತ್ತು. ಟೋಕನ್ನು ಬಂದ ಮೇಲೆ ತಾನಾಗಿಯೇ ಡಿಸ್ಕು ಹುಟ್ಟಿಸುವ ವ್ಯವಸ್ಥೆ 2017ರ ಮಾರ್ಚಿನ 1.6 ಆವೃತ್ತಿಯಲ್ಲಿ ಗಟ್ಟಿಯಾಯಿತು. ಆಗಲೂ ಒಂದು ತೊಡಕು ಉಳಿದಿತ್ತು. ಒಂದೊಂದು ಕಂಪನಿಯ ಡಿಸ್ಕಿಗೂ ಬೇಕಾದ ಕೋಡು ಕುಬರ್ನೆಟಿಸ್‌ನ ಮೂಲ ಕೋಡಿನೊಳಗೇ ಹೆಣೆದುಕೊಂಡಿತ್ತು; ಡಿಸ್ಕಿನ ಒಂದು ಸಣ್ಣ ದೋಷ ತಿದ್ದಲೂ ಇಡೀ ಕುಬರ್ನೆಟಿಸ್‌ನ ಮುಂದಿನ ಬಿಡುಗಡೆಗೆ ಕಾಯಬೇಕಿತ್ತು. ಆ ಗಂಟನ್ನು ಬಿಚ್ಚಿದ್ದು ಸಿಎಸ್‌ಐ, ಕಂಟೇನರ್ ಸ್ಟೋರೇಜ್ ಇಂಟರ್‌ಫೇಸ್ ಎಂಬ ಒಪ್ಪಂದ. 2018ರ ಡಿಸೆಂಬರಿನಲ್ಲಿ, 1.13ರಲ್ಲಿ, ಅದು ಬಳಕೆಗೆ ಸಿದ್ಧ ಎಂದಾಯಿತು. ಈಗ ಡಿಸ್ಕ್ ಮಾಡುವವರು ತಮ್ಮ ಡ್ರೈವರನ್ನು ತಾವೇ ಬರೆದು ತಾವೇ ಬಿಡುಗಡೆ ಮಾಡುತ್ತಾರೆ.

ದರ್ಶಿನಿಯ ಇನ್ನೊಂದು ನಿಯಮ ಇಲ್ಲಿಗೆ ಹೇಳಿ ಮಾಡಿಸಿದಂತಿದೆ. ಗಿರಾಕಿ ಬಂದು ಟೋಕನ್ ಕೊಡುವ ತನಕ ಒಳ್ಳೆಯ ಹೋಟೆಲಿನಲ್ಲಿ ದೋಸೆ ಹುಯ್ಯುವುದಿಲ್ಲ. ಸ್ಟೋರೇಜ್ ಕ್ಲಾಸಿನಲ್ಲಿ ಇದಕ್ಕೆಂದೇ ಒಂದು ಆಯ್ಕೆ ಇದೆ, ಹೆಸರು ‘ವೇಟ್ ಫಾರ್ ಫಸ್ಟ್ ಕನ್ಸ್ಯೂಮರ್’. ಮೊದಲ ಗಿರಾಕಿ ಬರಲಿ ಎಂದೇ ಅರ್ಥ. ಅದು ಬೇಕಾದದ್ದು ಏಕೆಂದರೆ, ಅಮೆಜಾನ್‌ನ ಮುಂಬೈ ಪ್ರದೇಶದಲ್ಲಿ ಮೂರು ವಲಯಗಳಿವೆ, ಮೂರೂ ಬೇರೆ ಬೇರೆ ಡೇಟಾ ಸೆಂಟರುಗಳು. ಅಲ್ಲಿನ ಇಬಿಎಸ್ ಡಿಸ್ಕು ಒಂದು ವಲಯದಲ್ಲಿ ಹುಟ್ಟಿದರೆ ಪಕ್ಕದ ವಲಯದ ಯಂತ್ರಕ್ಕೆ ಜೋಡಿಸಲು ಆಗುವುದಿಲ್ಲ. ಟೋಕನ್ನು ಕಂಡ ಕೂಡಲೇ ಡಿಸ್ಕು ಮೊದಲ ವಲಯದಲ್ಲಿ ಹುಟ್ಟಿಬಿಟ್ಟು, ಆ ವಲಯದ ನೋಡ್‌ಗಳಲ್ಲಿ ಜಾಗವಿಲ್ಲದೇ ಹೋದರೆ? ಪಾಡ್ ಎಲ್ಲೂ ಕೂರಲಾರದೆ ‘ಪೆಂಡಿಂಗ್’ ಎಂದು ಒದ್ದಾಡುತ್ತದೆ. ಈ ಅಂಕಣಕಾರ ಇಂಥ ಒಂದು ಪಾಡನ್ನು ಎದುರಿಗಿಟ್ಟುಕೊಂಡು, ಮೆಮೊರಿ ಸಾಲದೇನೋ ಎಂದು ಒಂದು ಮಧ್ಯಾಹ್ನ ಪೂರ್ತಿ ತಪ್ಪು ಜಾಗದಲ್ಲಿ ಹುಡುಕಿದ್ದುಂಟು. ಆ ಕ್ಲಸ್ಟರಿನಲ್ಲಿ ದೋಸೆ ಗಿರಾಕಿ ಬರುವ ಮೊದಲೇ ಬೆಂದಿತ್ತು.

ಇನ್ನು ಆ ಖಾಲಿ ಫೋಲ್ಡರುಗಳ ಕಥೆ.

ಹುಡುಗ ಮೂರು ವಾರದ ಹಿಂದೆ ಪೋಸ್ಟ್‌ಗ್ರೆಸ್ 16ನ್ನು ಕ್ಲಸ್ಟರಿಗೆ ತಂದಿದ್ದ. ಮೊದಲು ತನ್ನ ಲ್ಯಾಪ್‌ಟಾಪಿನ ಪುಟ್ಟ ಕ್ಲಸ್ಟರಿನಲ್ಲಿ ಪರೀಕ್ಷಿಸಿದ್ದ. ಟೇಬಲ್ ಮಾಡಿ, ಹತ್ತು ಸಾಲು ತುಂಬಿ, ಪಾಡನ್ನು ಅಳಿಸಿ, ಹೊಸ ಪಾಡ್ ಎದ್ದ ಮೇಲೆ ಆ ಹತ್ತು ಸಾಲೂ ಇರುವುದನ್ನು ನೋಡಿದ್ದ. ಪೋಸ್ಟ್‌ಗ್ರೆಸ್‌ನ ಅಧಿಕೃತ ಇಮೇಜು 17ನೇ ಆವೃತ್ತಿಯವರೆಗೂ ತನ್ನ ಕಡತಗಳನ್ನು ‘ವಾರ್, ಲಿಬ್, ಪೋಸ್ಟ್‌ಗ್ರೆಸ್‌ಕ್ಯೂಎಲ್, ಡೇಟಾ’ ಎಂಬ ದಾರಿಯ ಕೊನೆಯ ಫೋಲ್ಡರಿನಲ್ಲಿ ಇಡುತ್ತದೆ. ಹುಡುಗ ಡಿಸ್ಕನ್ನು ಸರಿಯಾಗಿ ಅಲ್ಲಿಗೇ ಜೋಡಿಸಿದ್ದ. ಇಷ್ಟರ ಮಟ್ಟಿಗೆ ಅವನದು ಪಕ್ಕಾ ಕೆಲಸ.

ಅದೇ ಸಂರಚನಾ ಕಡತವನ್ನು ಕ್ಲೌಡಿಗೆ ಹಾಕಿದಾಗ ಪೋಸ್ಟ್‌ಗ್ರೆಸ್ ಮೇಲೇಳಲೇ ಇಲ್ಲ. ಕ್ಲೌಡಿನ ಡಿಸ್ಕು ಹೊಸದಾಗಿ ಫಾರ್ಮ್ಯಾಟ್ ಆಗಿ ಬರುತ್ತದೆ, ಲಿನಕ್ಸಿನ ಇಎಕ್ಸ್‌ಟಿ4 ಎಂಬ ಕಡತ ವ್ಯವಸ್ಥೆ ಆಗ ಬೇರಿನಲ್ಲಿ ಒಂದು ‘ಲಾಸ್ಟ್ ಪ್ಲಸ್ ಫೌಂಡ್’ ಫೋಲ್ಡರನ್ನು ತಾನೇ ಮಾಡಿಡುತ್ತದೆ. ಡಿಸ್ಕು ಕೆಟ್ಟಾಗ ದಿಕ್ಕಿಲ್ಲದ ಕಡತಗಳನ್ನು ತಂದು ಹಾಕುವ ಅನಾಥಾಲಯ ಅದು. ಪೋಸ್ಟ್‌ಗ್ರೆಸ್ ಬಹಳ ಮಡಿವಂತ. ತಾನು ಕೂರುವ ಫೋಲ್ಡರ್ ಪೂರ್ತಿ ಖಾಲಿ ಇಲ್ಲದಿದ್ದರೆ ಹೊಸ ಡೇಟಾಬೇಸ್ ಹೂಡಲು ಒಪ್ಪುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಈ ತಂಟೆ ಇರಲಿಲ್ಲ, ಅಲ್ಲಿ ಡಿಸ್ಕೆಂದರೆ ಬರೀ ಒಂದು ಫೋಲ್ಡರು. ಸರಿಯಾದ ಪರಿಹಾರ, ಡಿಸ್ಕಿನೊಳಗೆ ಇನ್ನೊಂದು ಉಪಫೋಲ್ಡರ್ ತೋರಿಸಿ ‘ಇಲ್ಲಿ ಕೂತುಕೋ’ ಎಂದು ಪಿಜಿಡೇಟಾ ಎಂಬ ಚರಾಂಶದಲ್ಲಿ ಬರೆಯುವುದು. ಹುಡುಗ ಸುಲಭದ ದಾರಿ ಹಿಡಿದ. ಡಿಸ್ಕನ್ನು ಒಂದು ಮೆಟ್ಟಿಲು ಮೇಲಿನ, ತಂದೆ ಫೋಲ್ಡರಿಗೆ ಜೋಡಿಸಿದ. ದೋಷದ ಸಂದೇಶ ಮಾಯ! ಪೋಸ್ಟ್‌ಗ್ರೆಸ್ ಗುಡುಗುಡು ಓಡಿತು.

ಓಡಿದ್ದು ಹೇಗೆ ಎಂಬುದರಲ್ಲೇ ವಿಷವಿತ್ತು. ಆ ಇಮೇಜಿನೊಳಗೇ ‘ಡೇಟಾ ಫೋಲ್ಡರ್ ಒಂದು ಪ್ರತ್ಯೇಕ ವಾಲ್ಯೂಮ್’ ಎಂದು ಬರೆದಿದೆ. ಯಾರೂ ಅಲ್ಲಿಗೆ ಸರಿಯಾಗಿ ಏನನ್ನೂ ಜೋಡಿಸದಿದ್ದರೆ, ಕಂಟೇನರ್ ಓಡಿಸುವ ತಂತ್ರಾಂಶ ತಾನೇ ಒಂದು ಹೆಸರಿಲ್ಲದ ತಾತ್ಕಾಲಿಕ ಜಾಗವನ್ನು ನೋಡ್‌ನ ಮೇಲೆ ಮಾಡಿ ಅಲ್ಲಿಗೆ ಅಂಟಿಸುತ್ತದೆ. ಐವತ್ತು ಜಿಬಿಯ ಡಿಸ್ಕು ಮೇಲಿನ ಫೋಲ್ಡರಿನಲ್ಲಿ ಕೂತಿತ್ತು, ಅದರ ಹೊಟ್ಟೆಯ ‘ಡೇಟಾ’ ಫೋಲ್ಡರಿನ ಮೇಲೆ ಆ ಹೆಸರಿಲ್ಲದ ಜಾಗ ಮುಚ್ಚಳದಂತೆ ಕೂತಿತ್ತು. ಮೂರು ವಾರದ ಬಿಲ್ಲುಗಳೆಲ್ಲ ಮುಚ್ಚಳದ ಮೇಲೆ ಬಿದ್ದವು, ಪಾತ್ರೆಯೊಳಗೆ ಒಂದು ಹನಿಯೂ ಇಳಿಯಲಿಲ್ಲ. ನೋಡ್ ಬದಲಾದ ರಾತ್ರಿ ಮುಚ್ಚಳ ಎದ್ದುಹೋಯಿತು. ಹೊಸ ಪಾಡಿಗೆ ಹೊಸ ಖಾಲಿ ಮುಚ್ಚಳ ಸಿಕ್ಕಿ, ಪೋಸ್ಟ್‌ಗ್ರೆಸ್ ಸಂತೋಷದಿಂದ ಹೊಸ ಡೇಟಾಬೇಸ್ ಹೂಡಿಕೊಂಡು ‘ರೆಡಿ’ ಎಂದಿತು. ಕುಬರ್ನೆಟಿಸ್ ಲೆಕ್ಕದಲ್ಲಿ ಎಲ್ಲವೂ ಸರಿ: ಟೋಕನ್ ಇದೆ, ತಟ್ಟೆ ಇದೆ, ಪಾಡ್ ಇದೆ. ತಟ್ಟೆಯಲ್ಲಿ ಊಟ ಇದೆಯೇ ಎಂದು ನೋಡುವುದು ಅದರ ಕೆಲಸವಲ್ಲ.

ಮೂರು ವಾರವೂ ಆ ಡಿಸ್ಕಿನ ಬಳಕೆ ಶೂನ್ಯದ ಹತ್ತಿರವೇ ತೋರಿಸುತ್ತಿತ್ತು. ಅದನ್ನು ಯಾರೂ ನೋಡಿರಲಿಲ್ಲ. ಡಿಸ್ಕು ತುಂಬಿದರೆ ಎಚ್ಚರಿಕೆ ಬರುವಂತೆ ಎಲ್ಲರೂ ಗಂಟೆ ಕಟ್ಟಿರುತ್ತಾರೆ, ತುಂಬದಿದ್ದರೆ ಬಾರಿಸುವ ಗಂಟೆಯನ್ನು ಯಾರು ಕಟ್ಟುತ್ತಾರೆ? ಅಂದಹಾಗೆ 2025ರಲ್ಲಿ ಬಂದ ಪೋಸ್ಟ್‌ಗ್ರೆಸ್ 18ರ ಇಮೇಜಿನಲ್ಲಿ ಈ ವಾಲ್ಯೂಮನ್ನು ತಂದೆ ಫೋಲ್ಡರಿಗೇ ಸರಿಸಿದ್ದಾರೆ. ಜಗತ್ತಿನಲ್ಲಿ ಎಷ್ಟು ಜನ ಇದೇ ಗುಂಡಿಗೆ ಬಿದ್ದಿರಬೇಕು ಎಂದು ಊಹಿಸಬಹುದು.

ಆ ಕಂಪನಿ ಮುಳುಗಲಿಲ್ಲ. ಮೇಡಂ ಹಳೆಯ ಕಾಲದ ಅಭ್ಯಾಸದಿಂದ, ಯಾರೂ ಕೇಳದಿದ್ದರೂ, ಪ್ರತಿ ರಾತ್ರಿ ಹನ್ನೊಂದಕ್ಕೆ ಇಡೀ ಡೇಟಾಬೇಸಿನ ಡಂಪ್ ತೆಗೆದು ಬೇರೊಂದು ಖಾತೆಯಲ್ಲಿ ಇಡುವ ಸಣ್ಣ ಸ್ಕ್ರಿಪ್ಟ್ ಹಚ್ಚಿದ್ದರು. ಬೆಳಿಗ್ಗೆ ಹನ್ನೊಂದೂಕಾಲಿಗೆಲ್ಲ ಅಂಗಡಿಗಳು ಮತ್ತೆ ಬಿಲ್ ಹಾಕಲು ಶುರುಮಾಡಿದವು. ಹಿಂದಿನ ರಾತ್ರಿ ಹನ್ನೊಂದರ ನಂತರವೂ ತೆರೆದಿದ್ದ ಒಂದೆರಡು ಅಂಗಡಿಗಳ ಲೆಕ್ಕ ಮಾತ್ರ ಹೋಯಿತು. ಅವರು ಕಾಗದದ ಪ್ರತಿ ನೋಡಿ ಮತ್ತೆ ಏರಿಸಿದರು.

ಓದುಗರ ಇನ್ನೊಂದು ದೂರು ಇದಕ್ಕಿಂತ ಸ್ವಾರಸ್ಯದ್ದು. ‘ನೋಡ್ ಸತ್ತು ಅರ್ಧ ಗಂಟೆಯಾದರೂ ಸ್ಟೇಟ್‌ಫುಲ್‌ಸೆಟ್ ಬೇರೆ ನೋಡ್‌ನಲ್ಲಿ ಹೊಸ ಪಾಡ್ ಎಬ್ಬಿಸುವುದೇ ಇಲ್ಲ. ವೆಬ್ ಪಾಡ್‌ಗಳೆಲ್ಲ ಐದು ನಿಮಿಷಕ್ಕೇ ಎದ್ದು ಕೂರುತ್ತವೆ. ಇದು ದೋಷವಲ್ಲವೇ?’ ಅಲ್ಲ. ಬೇಕೆಂದೇ ಮಾಡಿದ ಮೊಂಡುತನ. ಅಂಗಡಿಯ ಕಿರ್ದಿ ಪುಸ್ತಕ ಒಂದೇ, ಅದರಲ್ಲಿ ಬರೆಯುವ ಗುಮಾಸ್ತನೂ ಒಬ್ಬನೇ ಎಂದುಕೊಳ್ಳಿ. ಗುಮಾಸ್ತ ಫೋನಿಗೆ ಸಿಗುತ್ತಿಲ್ಲ. ಸತ್ತಿದ್ದಾನೋ, ಸಿಗ್ನಲ್ ಇಲ್ಲದ ಜಾಗದಲ್ಲಿ ಕೂತು ಇನ್ನೂ ಬರೆಯುತ್ತಲೇ ಇದ್ದಾನೋ ಗೊತ್ತಿಲ್ಲ. ಈಗ ಇನ್ನೊಬ್ಬನನ್ನು ಕೂರಿಸಿದರೆ ಒಂದೇ ಪುಟದಲ್ಲಿ ಇಬ್ಬರು ಬರೆದು ಕಿರ್ದಿ ಚಿಂದಿಯಾಗುತ್ತದೆ. ನೆಟ್‌ವರ್ಕ್ ಕಡಿದಾಗ ಕುಬರ್ನೆಟಿಸ್ ಇರುವುದು ಅದೇ ಇಕ್ಕಟ್ಟಿನಲ್ಲಿ. ಹಾಗಾಗಿ ‘ಪೋಸ್ಟ್‌ಗ್ರೆಸ್-0’ ಎಂಬ ಹೆಸರಿನ ಪಾಡ್ ನಿಜವಾಗಿ ನಿಂತಿದೆ ಎಂದು ಖಾತ್ರಿಯಾಗುವವರೆಗೆ ಅದೇ ಹೆಸರಿನ ಇನ್ನೊಂದನ್ನು ಅದು ಎಬ್ಬಿಸುವುದಿಲ್ಲ. ಆ ಖಾತ್ರಿಯನ್ನು ಮನುಷ್ಯರೇ ಕೊಡಬೇಕು. ಯಂತ್ರ ಆಫ್ ಆಗಿದೆ ಎಂದು ಕಣ್ಣಾರೆ ನೋಡಿ, ಆ ನೋಡ್‌ಗೆ ‘ಔಟ್ ಆಫ್ ಸರ್ವಿಸ್’ ಎಂಬ ಟೇಂಟ್, ಅಂದರೆ ಗುರುತು, ಹಚ್ಚಿದರೆ ಪಾಡು ಬಿಡುಗಡೆಯಾಗಿ, ಡಿಸ್ಕು ಕಳಚಿ, ಬೇರೆಡೆ ಏಳುತ್ತದೆ. ಈ ಸೌಲಭ್ಯ 2023ರ ಆಗಸ್ಟಿನಲ್ಲಿ, 1.28ರಲ್ಲಿ ಸ್ಥಿರವಾಯಿತು. ಅದಕ್ಕೂ ಮುಂಚೆ ಜನ ಪಾಡನ್ನು ಬಲವಂತವಾಗಿ ಅಳಿಸುತ್ತಿದ್ದರು. ಈಗಲೂ ಅಳಿಸುತ್ತಾರೆ. ಯಂತ್ರ ನಿಜಕ್ಕೂ ಸತ್ತಿದೆಯೇ ಎಂದು ನೋಡದೆ ಹಾಗೆ ಅಳಿಸುವವರ ಬಗ್ಗೆ ಈ ಅಂಕಣಕಾರನಿಗೆ ಮರುಕವಿಲ್ಲ.

ಇದೇ ಎಳೆಯ ಇನ್ನೊಂದು ಗೊಂದಲ ‘ರೀಡ್ ರೈಟ್ ಒನ್ಸ್’ ಎಂಬ ಪದ. ಒಂದು ಪಾಡ್ ಮಾತ್ರ ಬರೆಯಬಹುದು ಎಂದು ಬಹಳ ಮಂದಿ ಅರ್ಥ ಮಾಡಿಕೊಂಡಿದ್ದಾರೆ. ಅದರ ಅರ್ಥ ಒಂದು ನೋಡ್ ಎಂದು. ಒಂದೇ ನೋಡಿನ ಮೇಲಿರುವ ಎರಡು ಪಾಡ್‌ಗಳು ಆ ಡಿಸ್ಕನ್ನು ಒಟ್ಟಿಗೆ ತೆರೆಯಬಹುದು, ತಡೆಯುವವರಿಲ್ಲ. ನಿಜವಾಗಿ ಒಂದೇ ಪಾಡಿಗೆ ಕಟ್ಟುವ ‘ರೀಡ್ ರೈಟ್ ಒನ್ಸ್ ಪಾಡ್’ ಸ್ಥಿರವಾದದ್ದು 2023ರ ಡಿಸೆಂಬರಿನ 1.29ರಲ್ಲಿ. ಹೊಸದಾಗಿ ಡೇಟಾಬೇಸ್ ನಿಲ್ಲಿಸುವವರು ಇದನ್ನೇ ಬಳಸುವುದು ಕ್ಷೇಮ.

ವೇಗದ ವಿಷಯದಲ್ಲಿ ಒಂದೇ ಉದಾಹರಣೆ ಸಾಕು. ಅಮೆಜಾನಿನ ಹಳೆಯ ಜಿಪಿ2 ಡಿಸ್ಕಿನಲ್ಲಿ ಒಂದು ಜಿಬಿಗೆ ಸೆಕೆಂಡಿಗೆ ಮೂರು ಓದು-ಬರಹದಂತೆ ಲೆಕ್ಕ, ಕನಿಷ್ಠ 100. ದುಡ್ಡು ಉಳಿಸಲು 20 ಜಿಬಿ ಕೇಳಿದವರಿಗೆ ಸಿಗುವುದು ಆ 100 ಮಾತ್ರ. ಮೊದಲಿಗೆ 3000ದವರೆಗೆ ಸಾಲ ಸಿಗುತ್ತದೆ, ಹಾಗಾಗಿ ಪರೀಕ್ಷೆಯ ದಿನ ಜಿಂಕೆಯಂತೆ ಓಡುತ್ತದೆ. ಸಾಲ ತೀರಿದ ಮೇಲೆ ಎತ್ತಿನ ಗಾಡಿ. 2020ರ ಕೊನೆಯಲ್ಲಿ ಬಂದ ಜಿಪಿ3ಯಲ್ಲಿ ಡಿಸ್ಕು ಎಷ್ಟೇ ಚಿಕ್ಕದಿದ್ದರೂ 3000 ಮೊದಲೇ ಕೊಡುತ್ತಾರೆ. ಹಳೆಯ ಕ್ಲಸ್ಟರುಗಳಲ್ಲಿ ಇನ್ನೂ ಜಿಪಿ2 ಸ್ಟೋರೇಜ್ ಕ್ಲಾಸೇ ಕೂತಿರುವುದು ಅಪರೂಪವಲ್ಲ. ಅಲ್ಲಿ ಡೇಟಾಬೇಸ್ ನಿಧಾನವೆಂದು ಕುಬರ್ನೆಟಿಸ್‌ಗೆ ಶಾಪ ಹಾಕುತ್ತಾರೆ, ಪಾಪ.

ಕ್ಲೌಡು ಬೇಡ, ಸ್ವಂತ ಯಂತ್ರಗಳೇ ಇವೆ ಎನ್ನುವವರಿಗೆ ಸೆಫ್ ಮೇಲೆ ನಿಂತ ರೂಕ್ ಇದೆ, ರ‍್ಯಾಂಚರ್ ಕಡೆಯಿಂದ ಬಂದ ಲಾಂಗ್‌ಹಾರ್ನ್ ಇದೆ. ಓಪನ್‌ಇಬಿಎಸ್ ಕೂಡ ಇದೆ. ಈ ಕೊನೆಯದರಲ್ಲಿ ಬೆಂಗಳೂರಿನ ಎಂಜಿನಿಯರುಗಳ ಬೆವರು ಬಹಳ ಸೇರಿದೆ. ಅದನ್ನು ಕಟ್ಟಿದ ಮಾಯಾಡೇಟಾ ಕಂಪನಿಯ ಕೆಲಸದ ಬಹುಪಾಲು ನಡೆದದ್ದು ಇಲ್ಲೇ. ಇವೆಲ್ಲ ಹಲವು ಯಂತ್ರಗಳ ಡಿಸ್ಕುಗಳನ್ನು ಒಂದು ಕೊಳದಂತೆ ಸೇರಿಸಿ, ಒಂದೇ ಡೇಟಾದ ಎರಡು ಮೂರು ಪ್ರತಿ ಇಟ್ಟು ನಡೆಸುತ್ತವೆ. ಒಂದು ಎಚ್ಚರ: ಡೇಟಾಬೇಸೂ ತನ್ನ ಮೂರು ಪ್ರತಿ ಇಟ್ಟು, ಕೆಳಗಿನ ಸ್ಟೋರೇಜೂ ಮೂರು ಪ್ರತಿ ಇಟ್ಟರೆ ಒಂದು ಬಿಲ್ಲನ್ನು ಒಂಬತ್ತು ಕಡೆ ಬರೆದಂತಾಗುತ್ತದೆ. ಪ್ರತಿ ಇಡುವ ಕೆಲಸವನ್ನು ಇಬ್ಬರಲ್ಲಿ ಒಬ್ಬರಿಗೆ ವಹಿಸಬೇಕು.

ಯಾರಿಗೆ ವಹಿಸುವುದು? ಡೇಟಾಬೇಸಿಗೇ ವಹಿಸಿ ಎಂಬುದು ಈ ಅಂಕಣಕಾರನ ಒಲವು, ಅದಕ್ಕೆ ಇತಿಹಾಸದ ಸಾಕ್ಷಿಯೂ ಇದೆ. ಯೂಟ್ಯೂಬ್ ತನ್ನ ಮೈಎಸ್‌ಕ್ಯೂಎಲ್ ಡೇಟಾಬೇಸುಗಳಿಗಾಗಿ 2010ರಲ್ಲಿ ವಿಟೆಸ್ ಎಂಬ ವ್ಯವಸ್ಥೆ ಕಟ್ಟಲು ಶುರುಮಾಡಿತು. ಮುಂದೆ ಅದು ಗೂಗಲಿನ ಬೋರ್ಗ್ ಒಳಗೆ ಓಡಬೇಕಾಯಿತು. ಅಲ್ಲಿ ಪಾಡಿನಂಥ ಕಂಟೇನರು ಯಾವ ಕ್ಷಣದಲ್ಲೂ ಹೋಗಬಹುದು, ಅದರ ಜೊತೆ ಡಿಸ್ಕೂ ಹೋಗುತ್ತದೆ. ವಿಟೆಸ್ ಡಿಸ್ಕನ್ನು ನಂಬುವುದನ್ನೇ ಬಿಟ್ಟು ಪ್ರತಿಗಳನ್ನು ನಂಬಿತು: ಒಂದು ಹೋದರೆ ಇನ್ನೊಂದು ಪ್ರತಿಗೆ ಪಟ್ಟ, ಹೋದದ್ದರ ಜಾಗದಲ್ಲಿ ಬ್ಯಾಕಪ್‌ನಿಂದ ಹೊಸದು. ಕಂಟೇನರಿನಲ್ಲಿ ಡೇಟಾಬೇಸ್ ಆಗದು ಎನ್ನುವವರು ವರ್ಷಗಳ ಕಾಲ ಕಂಟೇನರಿನೊಳಗಿದ್ದ ಡೇಟಾಬೇಸಿನಿಂದಲೇ ಯೂಟ್ಯೂಬ್ ನೋಡಿದ್ದಾರೆ.

ಆದರೆ ಯೂಟ್ಯೂಬ್‌ನಲ್ಲಿ ಪಟ್ಟ ಕಟ್ಟುವುದು ಯಾವಾಗ, ಯಾರಿಗೆ ಎಂದು ಬಲ್ಲ ತಂತ್ರಾಂಶವಿತ್ತು. ಸ್ಟೇಟ್‌ಫುಲ್‌ಸೆಟ್‌ಗೆ ಅದು ಗೊತ್ತಿಲ್ಲ. ಅದಕ್ಕೆ ಸೊನ್ನೆ, ಒಂದು, ಎರಡು ಎಂಬ ಎಣಿಕೆ ಗೊತ್ತು, ಯಾರ ಡಿಸ್ಕು ಯಾರಿಗೆ ಎಂಬುದು ಗೊತ್ತು. ಮೂವರಲ್ಲಿ ಯಜಮಾನ ಯಾರು, ಯಾರು ಎಷ್ಟು ಹಿಂದುಳಿದಿದ್ದಾರೆ ಎಂಬುದು ಗೊತ್ತಿಲ್ಲ. ಆ ತಿಳಿವಳಿಕೆಯನ್ನು ತುಂಬುವ ‘ಆಪರೇಟರ್’ ಎಂಬ ಕಲ್ಪನೆಯನ್ನು 2016ರ ನವೆಂಬರಿನಲ್ಲಿ ಕೋರ್‌ಓಎಸ್ ಕಂಪನಿ ಮುಂದಿಟ್ಟಿತು. ಅನುಭವಿ ಅಡ್ಮಿನ್ ರಾತ್ರಿ ಎದ್ದು ಮಾಡುವ ಕೆಲಸಗಳನ್ನು ಪ್ರೋಗ್ರಾಮಾಗಿ ಬರೆದು ಕ್ಲಸ್ಟರಿನೊಳಗೇ ಕೂರಿಸುವುದು ಅದರ ಸಾರ. ಪೋಸ್ಟ್‌ಗ್ರೆಸ್‌ಗೆ ಇವತ್ತು ಹೆಸರು ಮಾಡಿರುವ ಕ್ಲೌಡ್‌ನೇಟಿವ್‌ಪಿಜಿ ಆಪರೇಟರಂತೂ ಸ್ಟೇಟ್‌ಫುಲ್‌ಸೆಟ್ಟನ್ನೇ ಪಕ್ಕಕ್ಕಿಟ್ಟು ಪಾಡು ಮತ್ತು ಕ್ಲೇಮುಗಳನ್ನು ನೇರವಾಗಿ ತಾನೇ ನೋಡಿಕೊಳ್ಳುತ್ತದೆ.

ಇಷ್ಟೆಲ್ಲ ಇದ್ದೂ ಡೇಟಾ ಹೋಗುವುದು ಡಿಸ್ಕು ಕೆಟ್ಟು ಅಲ್ಲ, ಹೆಚ್ಚಾಗಿ ಕೈ ತಪ್ಪಿ. ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ರ ರಾತ್ರಿ ನಡೆದದ್ದನ್ನು ಆ ಕಂಪನಿಯೇ ಬಿಚ್ಚುಮನಸ್ಸಿನಿಂದ ಪ್ರಕಟಿಸಿದೆ. ದಣಿದ ಎಂಜಿನಿಯರೊಬ್ಬರು ಎರಡನೆಯ ಸರ್ವರಿನದು ಎಂದುಕೊಂಡು ಮುಖ್ಯ ಸರ್ವರಿನ ಡೇಟಾಬೇಸ್ ಫೋಲ್ಡರನ್ನು ಅಳಿಸಿದರು. ಸುಮಾರು 300 ಜಿಬಿ ಹೋಯಿತು. ಬ್ಯಾಕಪ್ ವ್ಯವಸ್ಥೆ ಒಂದಲ್ಲ, ಹಲವು ಇದ್ದವು. ತೆರೆದು ನೋಡಿದರೆ ಡಂಪ್ ತೆಗೆಯುವ ಸ್ಕ್ರಿಪ್ಟು ಆವೃತ್ತಿ ಹೊಂದದೆ ಎಷ್ಟೋ ದಿನದಿಂದ ಸೋಲುತ್ತಿತ್ತು, ಸೋತೆನೆಂದು ಅದು ಕಳಿಸುತ್ತಿದ್ದ ಮಿಂಚಂಚೆ ಯಾರಿಗೂ ತಲುಪುತ್ತಿರಲಿಲ್ಲ. ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆಂದು ತೆಗೆದಿದ್ದ ಒಂದು ಸ್ನ್ಯಾಪ್‌ಶಾಟು ಅವರನ್ನು ಕಾಪಾಡಿತು. ಅಲ್ಲಿ ಕುಬರ್ನೆಟಿಸ್ ಇರಲಿಲ್ಲ. ಇದ್ದಿದ್ದರೂ ಆ ಅಳಿಸುವಿಕೆಯನ್ನು ನಿಷ್ಠೆಯಿಂದ ಡಿಸ್ಕಿಗೆ ತಲುಪಿಸುತ್ತಿತ್ತು.

2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯುನಿಸೂಪರ್ ಎಂಬ ಪಿಂಚಣಿ ನಿಧಿಯ ಗೂಗಲ್ ಕ್ಲೌಡ್ ಖಾತೆಯ ಖಾಸಗಿ ವ್ಯವಸ್ಥೆಯೇ, ಹಿಂದೆ ಆಗಿದ್ದ ಒಂದು ತಪ್ಪು ಸಂರಚನೆಯಿಂದಾಗಿ, ಅಳಿಸಿಹೋಯಿತು. ಎರಡು ವಲಯಗಳಲ್ಲಿ ಪ್ರತಿ ಇಟ್ಟಿದ್ದರು, ಅಳಿಸುವಿಕೆ ಎರಡನ್ನೂ ಮುಟ್ಟಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರು ದಿನಗಟ್ಟಲೆ ತಮ್ಮ ಖಾತೆ ನೋಡಲಾಗದೆ ಕೂತರು. ವ್ಯವಸ್ಥೆ ಮತ್ತೆ ನಿಲ್ಲಲು ನೆರವಾದದ್ದರಲ್ಲಿ, ಬೇರೊಬ್ಬ ಪೂರೈಕೆದಾರರ ಬಳಿ ಇಟ್ಟಿದ್ದ ಬ್ಯಾಕಪ್ಪೂ ಒಂದು.

ಹಾಗಿದ್ದರೆ ಓದುಗರ ಮೂಲ ಪ್ರಶ್ನೆಗೆ ಉತ್ತರ. ತಂಡದಲ್ಲಿ ಐದಾರು ಜನರಿದ್ದು, ಡೇಟಾಬೇಸನ್ನೇ ನೋಡಿಕೊಳ್ಳುವ ಒಬ್ಬರೂ ಇಲ್ಲದಿದ್ದರೆ, ಕ್ಲೌಡಿನವರೇ ನಡೆಸುವ ಡೇಟಾಬೇಸ್ ಸೇವೆ ಕೊಂಡುಕೊಳ್ಳುವುದು ಜಾಣತನ. ತಿಂಗಳ ಬಿಲ್ಲು ಜಾಸ್ತಿ ಅನಿಸಿದರೂ ಸರಿ. ಕುಬರ್ನೆಟಿಸ್ ಪಾಠ ಹೇಳಿ ಹೆಸರಾದ ಕೆಲ್ಸಿ ಹೈಟವರ್ ಅಂಥವರೂ ಡೇಟಾಬೇಸಿನ ವಿಷಯ ಬಂದಾಗ ಎಚ್ಚರಿಕೆಯ ಮಾತನ್ನೇ ಆಡುತ್ತಿದ್ದರು. ಸ್ವಂತ ಯಂತ್ರಗಳಲ್ಲೇ ಇಡಬೇಕಾದವರು, ಒಂದಲ್ಲ ನೂರು ಡೇಟಾಬೇಸು ನಡೆಸುವವರು ಆಪರೇಟರ್ ಹಚ್ಚಿಕೊಂಡು ಧೈರ್ಯವಾಗಿ ಕುಬರ್ನೆಟಿಸ್ ಮೇಲೆ ಓಡಿಸಬಹುದು. 2018ರಲ್ಲಿ ಹೀಗೆ ಹೇಳುವ ಧೈರ್ಯ ಈ ಅಂಕಣಕಾರನಿಗೆ ಇರಲಿಲ್ಲ, ಇವತ್ತು ಇದೆ. ಎರಡರ ನಡುವೆ ಇರುವವರು, ಅಂದರೆ ಒಂದು ಸ್ಟೇಟ್‌ಫುಲ್‌ಸೆಟ್, ಒಂದು ಕ್ಲೇಮ್, ಆಪರೇಟರ್ ಇಲ್ಲ, ಬ್ಯಾಕಪ್ ‘ಮುಂದಿನ ತಿಂಗಳು’ ಎಂದಿರುವವರು, ಬೇಗ ಆ ಕಡೆಗೋ ಈ ಕಡೆಗೋ ದಾಟುವುದು ಒಳ್ಳೆಯದು.

ಈಗಾಗಲೇ ಓಡಿಸುತ್ತಿರುವವರಲ್ಲಿ ಒಂದು ವಿನಂತಿ, ಹತ್ತು ನಿಮಿಷದ ಕೆಲಸ. ತಾನಾಗಿ ಹುಟ್ಟಿದ ವಾಲ್ಯೂಮಿನ ‘ರಿಕ್ಲೇಮ್ ಪಾಲಿಸಿ’, ಬೇರೆ ಹೇಳದಿದ್ದರೆ, ‘ಡಿಲೀಟ್’ ಎಂದೇ ಇರುತ್ತದೆ. ಸ್ಟೇಟ್‌ಫುಲ್‌ಸೆಟ್ ಅಳಿಸಿದರೆ ಕ್ಲೇಮುಗಳು ಉಳಿಯುತ್ತವೆ, ನಿಜ. ಆದರೆ ಯಾರಾದರೂ ‘ಇದು ಹಳೆಯದು’ ಎಂದು ಇಡೀ ನೇಮ್‌ಸ್ಪೇಸ್ ಅಳಿಸಿದರೆ ಕ್ಲೇಮ್ ಹೋಗುತ್ತದೆ, ಅದರ ಹಿಂದೆಯೇ ಕ್ಲೌಡಿನ ಡಿಸ್ಕೂ ಹೋಗುತ್ತದೆ. ಇವತ್ತು ಕಚೇರಿಯಿಂದ ಹೊರಡುವ ಮುಂಚೆ ನಿಮ್ಮ ಕ್ಲಸ್ಟರಿನ ವಾಲ್ಯೂಮುಗಳ ಪಟ್ಟಿ ತೆಗೆಯಿರಿ. ಮುಖ್ಯವಾದ ಡಿಸ್ಕುಗಳ ಎದುರು ‘ಡಿಲೀಟ್’ ಇದ್ದರೆ ವಾಲ್ಯೂಮಿನಲ್ಲೇ ಪ್ಯಾಚ್ ಮಾಡಿ ‘ರಿಟೇನ್’ ಎಂದು ಬದಲಿಸಿ. ಸ್ಟೋರೇಜ್ ಕ್ಲಾಸಿನಲ್ಲಿ ಅದನ್ನು ತಿದ್ದಲು ಬರುವುದಿಲ್ಲ, ಹೊಸ ಕ್ಲಾಸೇ ಮಾಡಬೇಕು. ಪೋಸ್ಟ್‌ಗ್ರೆಸ್ ಓಡಿಸುತ್ತಿದ್ದರೆ ಆ ಡಿಸ್ಕು ಎಷ್ಟು ತುಂಬಿದೆ ಎಂಬುದನ್ನೂ ಒಮ್ಮೆ ನೋಡಿ.